ತೊಳೆದ ಸೊಪ್ಪು

ಆ ಸೊಪ್ಪನ್ನು ತೊಳೆದವಳು ನಾನು. ಮೊದಲು ನಲ್ಲಿಯ ನೀರಿನಲ್ಲಿ, ಆಮೇಲೆ ತೆಳು ಆಸಿಡ್ಡಿನಲ್ಲಿ, ಕೊನೆಗೆ ಭಟ್ಟಿ ಇಳಿಸಿದ ನೀರಿನಲ್ಲಿ ಎರಡು ಸಲ. ಹಿಪ್ಪುನೇರಳೆಯ ಎಲೆಗಳನ್ನು ಒಂದೊಂದಾಗಿ ಹಿಡಿದು, ಎರಡೂ ಕಡೆ ಬೆರಳಾಡಿಸಿ, ಕಾಗದದ ಮೇಲೆ ಹರಡಿ, ಒಣಗಲು ಇಟ್ಟೆ. ನಮ್ಮ ಮಣ್ಣು ವಿಭಾಗದಲ್ಲಿ ಎಲೆಯ ಪರೀಕ್ಷೆ ಶುರುವಾಗುವುದೇ ಹೀಗೆ. ಮೇಲಿನ ಕೊಳೆ ನಮಗೆ ಬೇಡ. ಬೇರು ಮಣ್ಣಿನಿಂದ ಏನನ್ನು ಹೀರಿ ಎಲೆಗೆ ಕಳಿಸಿದೆ ಅನ್ನುವುದಷ್ಟೇ ಬೇಕು. ಎಂಎಸ್ಸಿ ಮೊದಲ ವರ್ಷದಲ್ಲಿ ಕಲಿತದ್ದು. ಹಲ್ಲುಜ್ಜುವಾಗ ಯಾಕೆ ಅಂತ ಯಾರೂ ಕೇಳಿಕೊಳ್ಳುವುದಿಲ್ಲವಲ್ಲ, ಹಾಗೆ ಇದನ್ನೂ ಕೇಳಿಕೊಂಡಿರಲಿಲ್ಲ.

ಬೇಸಿನ್ನಿನಲ್ಲಿ ಉಳಿದ ನೀರು ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು ಅಂತ ನನಗೆ ನೆನಪಿದೆ. ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆ ದಿನದ ದಿನಚರಿಯಲ್ಲಿ ನೀರಿನ ಮಾತೇ ಇಲ್ಲ. "ಎಲೆ ಕೆಲಸ ಮುಗಿಯಿತು. ಬೆರಳು ಬಿರಿದಿವೆ" ಅಂತ ಎರಡು ವಾಕ್ಯ ಇದೆ. ಬಣ್ಣವನ್ನು ಆಮೇಲೆ ನನ್ನ ಸಿಟ್ಟೇ ಬಳಿದಿರಬಹುದು. ನೀರನ್ನು ಚೆಲ್ಲಿದ್ದು ಮಾತ್ರ ನಿಜ. ಇಟ್ಟುಕೊಂಡಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಮೊನ್ನೆ ಕಾಲೇಜೊಂದರಿಂದ ಒಬ್ಬರು ಫೋನ್ ಮಾಡಿ, ಬೇರೆ ಬೇರೆ ಶಾಸ್ತ್ರದ ಸಂಶೋಧಕರು ತಿಳಿವಳಿಕೆ ಹಂಚಿಕೊಂಡು ಕೆಲಸ ಮಾಡುವುದರ ಬಗ್ಗೆ ನೀವು ಬಂದು ನಾಲ್ಕು ಒಳ್ಳೆಯ ಮಾತಾಡಿ, ಹುಡುಗರಿಗೆ ಸ್ಫೂರ್ತಿ ಬರುತ್ತೆ ಅಂದರು. ಬರುವುದಿಲ್ಲ ಅಂದೆ. ಫೋನ್ ಇಟ್ಟ ಮೇಲೂ ಮೈ ಉರಿಯುತ್ತಿತ್ತು. ಅಟ್ಟದಿಂದ ಆ ವರ್ಷದ ದಿನಚರಿ ಇಳಿಸಿಕೊಂಡು ಕೂತೆ.

ಬಿಡದಿ ಕಡೆ ಹೊಲಗಳಿಗೆ ಕಾಂಪೌಂಡು ಎದ್ದು, ಹಾರೋಹಳ್ಳಿಯ ಕಡೆಯೂ ಶೆಡ್ಡುಗಳು ಕಾಣಿಸಿಕೊಂಡ ವರ್ಷಗಳು ಅವು. ಅಷ್ಟೂ ಕಟ್ಟಡಕ್ಕೆ ಜಲ್ಲಿ ಬೇಕಲ್ಲ. ಕನಕಪುರ ತಾಲ್ಲೂಕಿನ ಗುಡ್ಡಗಳ ಬುಡದಲ್ಲಿ ಕಲ್ಲು ಪುಡಿ ಮಾಡುವ ಕ್ರಷರುಗಳು ಕೂತವು. ದೊಡ್ಡಆಲಹಳ್ಳಿಯ ಬಸ್ಸಿನಲ್ಲಿ ಹೋಗಿ, ನಡುವೆ ಇಳಿದು ಎರಡು ಮೈಲಿ ನಡೆದರೆ ಒಂದು ಊರು. ಆ ಊರಿನ ಹೆಸರು ಬೇಡ. ಅಲ್ಲಿ ರೇಷ್ಮೆ ಬೆಳೆ ಮೇಲಿಂದ ಮೇಲೆ ಕೆಡತೊಡಗಿತ್ತು. ಹುಳುಗಳು ರೋಗ ಬಂದಂತೆ ಸಾಯುತ್ತಿರಲಿಲ್ಲ. ಒಂದೇ ತಟ್ಟೆಯಲ್ಲಿ ಕೆಲವು ದಪ್ಪ, ಕೆಲವು ಕಡ್ಡಿ. ಗೂಡು ಕಟ್ಟಿದರೂ ತೆಳ್ಳಗೆ. ರಾಮನಗರದ ಮಾರುಕಟ್ಟೆಗೆ ಒಯ್ದರೆ ನೂಲು ತೆಗೆಯುವ ರೀಲರುಗಳು ಎರಡು ಬೆರಳಲ್ಲಿ ಅಮುಕಿ ನೋಡಿ ಮಾತಾಡದೆ ಮುಂದಿನ ರಾಶಿಗೆ ಹೋಗುತ್ತಿದ್ದರು.

ಕಾರಣ ಹುಡುಕಲು ಒಂದು ಯೋಜನೆ ಬಂತು. ಎರಡು ಸಂಸ್ಥೆ, ಎರಡು ಪಾಲು. ಮಣ್ಣು, ಎಲೆ ನಮ್ಮ ಮೇಷ್ಟ್ರಿಗೆ. ಹುಳು ಮತ್ತು ಹುಳುವಿನ ರೋಗ ಇನ್ನೊಂದು ಸಂಸ್ಥೆಯ ವಿಜ್ಞಾನಿಗೆ. ನಾನು ಮೇಷ್ಟ್ರ ಕೈಕೆಳಗೆ ಸಹಾಯಕಿ. ಆ ಹುಳುವಿನ ವಿಜ್ಞಾನಿ ಮಂಗಳವಾರ ಹೋಗುತ್ತಿದ್ದರು, ನಾನು ಗುರುವಾರ. ಒಂದೇ ಜೀಪಿನಲ್ಲಿ ಹೋಗೋಣ ಅಂತ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಯಾರ ಜೀಪು ಅನ್ನುವುದಕ್ಕೆ ಜಗಳ ಬೀಳುತ್ತಿತ್ತು.

ನಾನು ಹೆಚ್ಚು ಹೋದದ್ದು ಒಂದೇ ಮನೆಗೆ. ಒಕ್ಕಲು ಮನೆ. ಒಂದೂವರೆ ಎಕರೆ ಹಿಪ್ಪುನೇರಳೆ ತೋಟ. ಹುಳುಮನೆಯ ಕೆಲಸವೆಲ್ಲ ಹಿರೀಸೊಸೆಯದು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಹದಿನೆಂಟಕ್ಕೆ ಆ ಮನೆಗೆ ಬಂದವಳು ಬಂದ ವರ್ಷವೇ ಅತ್ತೆಯಿಂದ ಹುಳುಮನೆಯನ್ನು ವಹಿಸಿಕೊಂಡಿದ್ದಳಂತೆ. ಊರಲ್ಲಿ ಬೇರೆ ಮನೆಯವರೂ ಮೊಟ್ಟೆ ತಂದಾಗ ಅವಳನ್ನು ಕರೆಸಿ ಕೇಳುತ್ತಿದ್ದರು. ಹುಳು ನಾಲ್ಕನೇ ಜ್ವರಕ್ಕೆ, ಅಂದರೆ ಪೊರೆ ಬಿಡುವುದಕ್ಕೆ ಕೂತಿದೆಯೋ ಇಲ್ಲವೋ ಅನ್ನುವುದನ್ನು ಬಾಗಿಲಲ್ಲಿ ನಿಂತು ಸದ್ದು ಕೇಳಿ ಹೇಳುವಳು. ಸಾವಿರಾರು ಹುಳು ಸೊಪ್ಪು ಮೇಯುವ ಸದ್ದು ಮಳೆ ಹನಿದಂತೆ ಇರುತ್ತದೆ. ಅದು ನಿಂತರೆ ಜ್ವರ. ಆ ಮನೆಯಲ್ಲಿ ಅವಳ ಮಾತಿಗೆ ತೂಕ ಇದ್ದದ್ದು ಆ ಕೋಣೆಯಿಂದ.

ಮೊದಲ ದಿನವೇ ಅವಳು ನನ್ನ ಹಿಂದೆ ತೋಟಕ್ಕೆ ಬಂದಳು. ನಾನು ನಮ್ಮ ಪದ್ಧತಿಯಂತೆ ತೋಟದ ಉದ್ದಗಲಕ್ಕೂ ಹಾವು ಹರಿದಂತೆ ನಡೆದು, ಅಲ್ಲೊಂದು ಇಲ್ಲೊಂದು ಎಲೆ ಕಿತ್ತು, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕುತ್ತಿದ್ದೆ. ಅವಳಿಗೆ ಅದು ಸರಿ ಕಾಣಲಿಲ್ಲ.

"ಮೇಡಮ್ಮೋರೆ, ಅವನ್ನೆಲ್ಲ ಬೆರಸಬ್ಯಾಡಿ. ರಸ್ತೆ ಕಡೀದೇ ಬ್ಯಾರೆ, ಒಳಗಿಂದೇ ಬ್ಯಾರೆ. ರಸ್ತೆ ಕಡೆ ಸೊಪ್ಪ ಹಾಕುದ್ರೆ ಹುಳ ಒಸಿ ಮುಟ್ಟಿ ತಲೆ ಎತ್ಕಂಡು ಕೂತ್ಬುಡ್ತವೆ, ಮುನಿಸ್ಕಂಡಂಗೆ. ಧೂಳು ಬೀಳ್ಲಿ ಅಂತ ಕಡ್ಡಿ ಒದರಿ ಒದರಿ ತೋಳು ಬಿದ್ದೋಯ್ತವೆ ನಂಗೆ."

ತೋಟದ ಪಕ್ಕದ ಮಣ್ಣುದಾರಿಯಲ್ಲೇ ಕ್ರಷರಿನ ಲಾರಿಗಳು ಓಡಾಡುತ್ತಿದ್ದವು. ಅವಳು ಹೇಳಿದ ಕಾರಣ ಕಣ್ಣೆದುರಿಗೇ ಏಳುತ್ತಿತ್ತು. ಹಾಗಾದರೆ ಒಳಗಿನ ಸೊಪ್ಪನ್ನೇ ಹಾಕಬಾರದೇ ಅಂತ ನಾನು ಕೇಳಿದೆನಂತೆ. ಕೇಳಿದ್ದು ನನಗೆ ನೆನಪಿಲ್ಲ, ಅವಳು ಆಮೇಲೆ ಹೇಳಿದ್ದು. ಒಳಗಿನದು ಸಾಲುವುದಿಲ್ಲ, ಅರ್ಧ ತೋಟ ದನಕ್ಕೆ ಹಾಕಿದರೆ ಅತ್ತೆ ಬಿಡುವುದಿಲ್ಲ, ಧೂಳು ಊರಿಗೆಲ್ಲ ಇದೆ ನಿನಗೊಬ್ಬಳಿಗೇನೆ ಅನ್ನುತ್ತಾರೆ, ಅಂದಿದ್ದಳಂತೆ.

ಅವಳ ಆ ಮಾತನ್ನು ನಾನು ಎಲ್ಲೂ ಬರೆದುಕೊಳ್ಳಲಿಲ್ಲ. ನನ್ನ ನಮೂನೆಯಲ್ಲಿ ಸಾರಜನಕಕ್ಕೆ ಜಾಗವಿತ್ತು, ರಂಜಕಕ್ಕೆ ಇತ್ತು, ಸತುವಿಗೆ ಇತ್ತು. ಹುಳು ಮುನಿಸಿಕೊಳ್ಳುವುದಕ್ಕೆ ಕಾಲಂ ಇರಲಿಲ್ಲ. ಆ ದಿನದ ದಿನಚರಿಯಲ್ಲಿ ಅವಳ ಬಗ್ಗೆ ನಾನು ಬರೆದದ್ದು ಇಷ್ಟು: "ಮನೆಯ ಸೊಸೆ ಬಹಳ ಮಾತುಗಾರ್ತಿ. ಒಂದೂವರೆ ಗಂಟೆ ಹೋಯಿತು." ಇದನ್ನು ಮೊನ್ನೆ ಓದಿ ಪುಸ್ತಕ ಮುಚ್ಚಿಟ್ಟೆ. ಮತ್ತೆ ತೆರೆಯಲು ಎರಡು ದಿನ ಬೇಕಾಯಿತು. ನೆನಪು ಮೋಸ ಮಾಡುತ್ತದೆ ಅಂತ ದಿನಚರಿ ಬರೆಯುವವಳು ನಾನು. ಇಲ್ಲಿ ನೆನಪೇ ನನ್ನನ್ನು ಕಾಪಾಡಿತ್ತು. ಅವಳ ಮಾತನ್ನು ನಾನು ಗೌರವದಿಂದ ಕೇಳಿದ್ದೆ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ.

ಅದೇ ದಿನ ಇನ್ನೊಂದು ನೋಡಿದೆ. ಊರಿನ ಶಾಲೆಯ ಚಾವಣಿಯ ಮೇಲೆ ಕಬ್ಬಿಣದ ಮೂರು ಕಾಲಿನ ಮೇಲೆ ಒಂದು ಅಗಲ ಬಾಯಿಯ ಜಾಡಿ ಕಟ್ಟಿದ್ದರು. ಮಳೆ ಅಳೆಯುವುದಿರಬೇಕು ಅಂದುಕೊಂಡು ಹೋದೆ. ಮೇಲೆ ಹತ್ತಲು ಏಣಿ ಅಲ್ಲೇ ಇತ್ತು.

ನನ್ನ ಫಲಿತಾಂಶ ಬಂತು. ಮಣ್ಣು ಪರವಾಗಿಲ್ಲ. ಎಲೆಯಲ್ಲಿ ಇರಬೇಕಾದ್ದೆಲ್ಲ ಇದೆ, ಇರಬಾರದ್ದು ಏನೂ ಇಲ್ಲ. ತೊಳೆದಿದ್ದೇನೆ ಅಂತ ನಾನು ಎಲ್ಲೂ ಬರೆಯಲಿಲ್ಲ. ನಮ್ಮವರಿಗೆ ಬರೆದು ಹೇಳಬೇಕಾಗಿಯೇ ಇರಲಿಲ್ಲ. ಹುಳುವಿನ ವಿಜ್ಞಾನಿ ಅದನ್ನು ಓದಿದರು. ಅವರ ಕಡೆ ಹಾಲುತೊಂಡೆ ಇಲ್ಲ, ಗಂಟುರೋಗ ಇಲ್ಲ, ಯಾವ ರೋಗಾಣುವೂ ಸಿಕ್ಕಿರಲಿಲ್ಲ. ಅವರು ಕೂಡಿಸಿ ಕಳೆದರು. ಸೊಪ್ಪಿನಲ್ಲಿ ದೋಷವಿಲ್ಲ, ಹುಳುವಿಗೆ ರೋಗವಿಲ್ಲ, ಹಾಗಾದರೆ ಉಳಿದದ್ದು ಸಾಕುವವರ ಕೈ.

ಅದನ್ನು ಹೇಳಲು ಅವರು ಊರಿಗೆ ಹೋದ ಸಂಜೆ ನಾನೂ ಜೊತೆಗಿದ್ದೆ. ಒಂದೇ ಜೀಪಿನಲ್ಲಿ ಹೋದದ್ದು ಅದೊಂದೇ ಸಲ. ಹಾಲಿನ ಡೈರಿಯ ಮುಂದೆ, ಜನ ಹಾಲು ಹಾಕಲು ಸೇರುವ ಹೊತ್ತಿಗೆ, ಅವರು ನಿಂತು ಮಾತಾಡಿದರು. ಕೆಟ್ಟವರಲ್ಲ. ತಾಳ್ಮೆಯಿಂದಲೇ ಹೇಳಿದರು. ಹುಳುಮನೆಯ ಶುಚಿ ಸಾಲದು, ಸೊಪ್ಪು ಹಾಕುವ ಹೊತ್ತು ತಪ್ಪುತ್ತಿದೆ, ಸಾಕಣೆಯಲ್ಲಿ ಕಾಳಜಿ ಕಡಿಮೆ. ವರದಿಯ ಜೆರಾಕ್ಸ್ ಪ್ರತಿಗಳಿಗೆ ಮೊಹರು ಒತ್ತಿಸಿ ತಂದಿದ್ದರು, ಮನೆಮನೆಗೂ ಒಂದು ಕೊಟ್ಟರು. ಎರಡನೇ ಪುಟದಲ್ಲಿ ನನ್ನ ಕೋಷ್ಟಕ.

ಹಿರೀಸೊಸೆ ಹಾಲಿನ ಕ್ಯಾನು ಹಿಡಿದು ಹೆಂಗಸರ ಹಿಂದೆ ನಿಂತಿದ್ದಳು. ಅತ್ತೆ ಒಮ್ಮೆ ತಿರುಗಿ ಅವಳನ್ನು ನೋಡಿದರು. ಆಮೇಲೆ ಎಲ್ಲರೂ ನೋಡಿದರು.

"ಸಾ, ಹಂಗಾದ್ರೆ ನನ್ ಕೈಯೇ ಕೆಟ್ಟಿದ್ದು ಅಂತೀರಾ?" ಅಂದಳು.

ವಿಜ್ಞಾನಿ ಹಾಗಲ್ಲಮ್ಮ, ಇನ್ನೂ ಸ್ವಲ್ಪ ಎಚ್ಚರ ವಹಿಸಿದರೆ ಸರಿಹೋಗುತ್ತೆ ಅಂದರು. ಮೈದುನನ ವರಸೆಯ ಒಬ್ಬ, ಅತ್ತಿಗೆಯನ್ನು ಗೋಳುಹುಯ್ಯುವ ಸಲುಗೆಯಲ್ಲೇ, "ಹುಳ ಬುಟ್ಟು ಗಾರ್ಮೆಂಟ್ಸಿಗೆ ಹೋಗತ್ತಿಗೆ, ಗುಂಡಿ ಹೊಲಿ. ಗುಂಡಿ ಸಾಯಕಿಲ್ಲ" ಅಂದ. ಜನ ನಕ್ಕರು. ಅವಳು ನನ್ನ ಕಡೆ ನೋಡಿದಳು. ತೋಟದಲ್ಲಿ ಅವಳು ಹೇಳಿದ್ದನ್ನು ಕೇಳಿಸಿಕೊಂಡವಳು ಅಲ್ಲಿ ನಾನೊಬ್ಬಳೇ. ನಾನು ಬಾಯಿ ಬಿಡಲಿಲ್ಲ. ಧೂಳಿನ ಮಾತು ಎತ್ತಲು ನನ್ನ ಹತ್ತಿರ ಆಧಾರ ಇರಲಿಲ್ಲ ಅಂತ ಆಗ ಸಮಾಧಾನ ಹೇಳಿಕೊಂಡೆ. ಆಧಾರ ಇತ್ತು. ಚೆಲ್ಲಿದ್ದೆ.

ಆ ವಾರವೇ ಅತ್ತೆ ಹುಳುಮನೆಯ ಬೀಗದಕೈಯನ್ನು ಅವಳಿಂದ ತೆಗೆದುಕೊಂಡು ಕಿರೀಸೊಸೆಗೆ ಕೊಟ್ಟರು. ಮುಂದಿನ ತಿಂಗಳು ಅವಳು ಗಾರ್ಮೆಂಟ್ಸ್ ವ್ಯಾನು ಹತ್ತಿದಳು. ಮೈದುನನ ತಮಾಷೆ ಹಾಗೇ ನಿಜವಾಯಿತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಐದಾರು ತಿಂಗಳು ಕಳೆದಿರಬೇಕು. ನಮ್ಮದೇ ಕಟ್ಟಡದ ಮೇಲಂತಸ್ತಿನಲ್ಲಿ ಪರಿಸರ ವಿಭಾಗವಿತ್ತು. ಒಂದು ಮಧ್ಯಾಹ್ನ ಅವರಲ್ಲಿ ಉಪನ್ಯಾಸ. ಚಹಾ, ಬಿಸ್ಕತ್ತು ಇರುತ್ತದೆ ಅಂತ ಹೋದೆ. ಬೇರೆ ವಿಭಾಗದ ಮಾತು ಕೇಳಲು ನಾವು ಹೋಗುತ್ತಿದ್ದದ್ದು ಬಿಸ್ಕತ್ತಿಗೆ ಮಾತ್ರ. ಕ್ರಷರಿನ ಧೂಳಿನ ಬಗ್ಗೆ ಅಧ್ಯಯನ ಮಾಡಿದವರೊಬ್ಬರು ಗೋಡೆಯ ಮೇಲೆ ಚಿತ್ರ ತೋರಿಸುತ್ತಿದ್ದರು. ಮೂರು ಕಾಲಿನ ಮೇಲೆ ಅಗಲ ಬಾಯಿಯ ಜಾಡಿ. ಹಿಂದೆ ಆ ಊರಿನ ಶಾಲೆಯ ಹೆಂಚು.

ಮುಗಿದ ಮೇಲೆ ಅವರನ್ನು ಹಿಡಿದುಕೊಂಡೆ. ಅವರು ಎರಡು ವರ್ಷದಿಂದ ಆ ಊರಿಗೆ ಹೋಗುತ್ತಿದ್ದರು, ಶನಿವಾರ. ಅದೇ ತೋಟದ ಎಲೆಯನ್ನೂ ತಂದಿದ್ದರು. ನಾವು ಎಲೆ ಪರೀಕ್ಷೆ ಮಾಡುವುದು ಹೇಗೆ ಅಂತ ಕೇಳಿದರು. ಹೇಳಿದೆ.

"ತೊಳೆದ ನೀರನ್ನ ಏನ್ ಮಾಡ್ತೀರಿ?"

"ಚೆಲ್ತೀವಿ."

"ನಾವು ನೀರು ಇಟ್ಕೊಂಡು ಎಲೆ ಬಿಸಾಕ್ತೀವಿ" ಅಂದು ಅವರು ನಕ್ಕರು. ನಾನೂ ನಕ್ಕೆ. ನಕ್ಕದ್ದರ ಬಗ್ಗೆ ಅನುಮಾನವಿಲ್ಲ, ದಿನಚರಿಯಲ್ಲಿದೆ.

ಒಂದು ತೋಟದ ಎಲೆಯನ್ನು ಒಂದೇ ಕಟ್ಟಡಕ್ಕೆ ಇಬ್ಬರು ಬೇರೆಬೇರೆ ವಾರ ಹೊತ್ತು ತಂದು, ನಾವು ಕೆಳಗೆ ಧೂಳನ್ನು ಚರಂಡಿಗೆ ಬಿಟ್ಟು ಎಲೆಯನ್ನು ತೂಗಿದೆವು, ಅವರು ಮೇಲೆ ಎಲೆಯನ್ನು ಬುಟ್ಟಿಗೆಸೆದು ಧೂಳನ್ನು ತೂಗಿದರು. ನಡುವೆ ಇದ್ದದ್ದು ಹದಿನೆಂಟೋ ಇಪ್ಪತ್ತೋ ಮೆಟ್ಟಿಲು. ಆ ಹುಳುಗಳು ಮಾತ್ರ ಎರಡನ್ನೂ ಒಟ್ಟಿಗೇ ತಿಂದವು.

ನನಗೆ ನಿಜವಾಗಿ ಮುಖಕ್ಕೆ ಹೊಡೆದಂತಾದದ್ದು ಇದಲ್ಲ. ಆ ಸಂಜೆ ಬಸ್ಸಿನಲ್ಲಿ ನನ್ನ ದೊಡ್ಡಮ್ಮ ನೆನಪಾದರು. ನಾನು ತಿಪ್ಪಸಂದ್ರದ ಕಡೆಯವಳು. ದೊಡ್ಡಮ್ಮನ ಮನೆಯಲ್ಲಿ ಹುಳು ಸಾಕುತ್ತಿದ್ದರು. ಮಳೆಗಾಲದಲ್ಲಿ ನೆನೆದ ಸೊಪ್ಪು ಬಂದರೆ ಮಕ್ಕಳಿಗೆಲ್ಲ ಹಳೇ ಸೀರೆಯ ತುಂಡು ಕೊಟ್ಟು ಎಲೆ ಒರಸಲು ಕೂರಿಸುತ್ತಿದ್ದರು. ಒದ್ದೆ ಸೊಪ್ಪು ತಟ್ಟೆಗೆ ಬಿದ್ದರೆ ಹುಳು ಕೆಡುತ್ತದೆ. ಒಂದು ಎಲೆ ಒದ್ದೆ ಉಳಿದರೂ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಹುಳುವಿನ ಸೊಪ್ಪನ್ನು ಯಾರೂ ಯಾವತ್ತೂ ತೊಳೆಯುವುದಿಲ್ಲ ಅನ್ನುವುದು ಏಳನೇ ವಯಸ್ಸಿಗೇ ನನ್ನ ಬೆನ್ನಿಗೆ ಗೊತ್ತಿತ್ತು. ಎಲೆಯನ್ನು ತೊಳೆದೇ ಪರೀಕ್ಷೆ ಮಾಡಬೇಕು ಅನ್ನುವುದು ಇಪ್ಪತ್ತೆರಡಕ್ಕೆ ಕೈಗೆ ಗೊತ್ತಾಯಿತು. ಎರಡನ್ನೂ ಎದುರುಬದುರು ಕೂರಿಸಲು ನನಗೆ ಯಾರೂ ಬೇಕಿರಲಿಲ್ಲ. ಯೋಜನೆ ಬೇಕಿರಲಿಲ್ಲ, ಜೀಪು ಬೇಕಿರಲಿಲ್ಲ. ಬೇರೆಯವರು ಒಬ್ಬರೊಬ್ಬರ ಜೊತೆ ಮಾತಾಡಲಿಲ್ಲ ಅಂತ ದೂರುವ ನಾನು ಇದಕ್ಕೆ ಏನು ಹೇಳಲಿ?

ಮೇಷ್ಟ್ರಿಗೆ ಹೇಳಿದೆ. ನಮ್ಮ ವರದಿಯಲ್ಲಿ ತಪ್ಪೇನೂ ಇಲ್ಲವಲ್ಲ ಅಂದರು. ಎಲೆಯ ಒಳಗಿರುವುದು ನಮ್ಮ ಕೆಲಸ, ಮೇಲಿರುವುದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ. ಹುಳುವಿನ ವಿಜ್ಞಾನಿಗೆ ಫೋನ್ ಮಾಡಿದೆ. "ತೊಳೆದಿದೀವಿ ಅಂತ ಒಂದು ಪದ ಹಾಕಬಾರದಿತ್ತೇನಮ್ಮ?" ಅಂದರು. ಅವರು ಹೇಳಿದ್ದು ಸರಿ. ತೊಳೆದಿರಾ ಅಂತ ಒಂದು ಪದ ಅವರೂ ಕೇಳಬಹುದಿತ್ತು. ಅಂದೆ ಕೂಡ. ವರದಿ ಮೇಲಕ್ಕೆ ಹೋಗಿ ಒಪ್ಪಿಗೆಯಾಗಿದೆ, ಈಗ ಏನೂ ಮಾಡಲಾಗುವುದಿಲ್ಲ ಅಂದರು. ಧೂಳಿನವರ ಹತ್ತಿರ ಅವರ ಅಂಕಿಗಳನ್ನು ಕೇಳಿದೆ. ಪೇಪರ್ ಅಚ್ಚಾಗಲಿ, ಆಮೇಲೆ ಧಾರಾಳವಾಗಿ ತಗೊಳ್ಳಿ ಅಂದರು. ಮೂವರೂ ನನಗೆ ಚಹಾ ಕುಡಿಸಿದವರೇ, ಮರ್ಯಾದೆಯಿಂದಲೇ ಮಾತಾಡಿದರು. ಆ ಮರ್ಯಾದೆಯ ಬದಲು ಒಬ್ಬರಾದರೂ ಗದರಿದ್ದರೆ ನನಗೆ ಇಷ್ಟು ಸಿಟ್ಟು ಉಳಿಯುತ್ತಿರಲಿಲ್ಲವೋ ಏನೋ.

ಒಂದು ಭಾನುವಾರ ಒಬ್ಬಳೇ ಹೋದೆ. ಗಾರ್ಮೆಂಟ್ಸಿಗೆ ಅವತ್ತು ರಜಾ. ಅವಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ವ್ಯಾನು ಹತ್ತಿದ್ದು, ಬೀಗದಕೈ ಹೋದದ್ದು, ಕಿರೀಸೊಸೆಯ ಕೈಯಲ್ಲೂ ಎರಡು ಬೆಳೆ ಹಾಗೇ ಕೆಟ್ಟದ್ದು, ಎಲ್ಲ ಅವಳೇ ಹೇಳಿದಳು. ನಾನು ನನ್ನದು ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ನಾ ಅವತ್ತೇ ಹೇಳಿದ್ನಲ್ಲ."

ಹೌದು ಅಂದೆ.

"ನಂಗ್ಯಾಕೆ ಹೇಳ್ತೀರಿ? ನಂಗೊತ್ತಿಲ್ದಿರದೇನೈತೆ ಇದ್ರಲ್ಲಿ? ಎಲ್ಲಿ ಅಂದ್ರೋ ಅಲ್ಲೇ ಹೇಳಿ. ಡೈರಿ ಮುಂದೆ."

ಸಂಜೆಯವರೆಗೆ ಅಲ್ಲೇ ಕೂತೆ. ಅವಳ ಜೊತೆ ಅವರೆಕಾಯಿ ಸುಲಿದೆ. ಆ ಹೊತ್ತಿನಲ್ಲಿ ನಾವು ಏನಾದರೂ ಮಾತಾಡಿದೆವೋ ಗೊತ್ತಿಲ್ಲ. ಜನ ಕ್ಯಾನು ಹಿಡಿದು ಬಂದಾಗ ಅದೇ ಡೈರಿಯ ಮುಂದೆ ನಿಂತು ಹೇಳಿದೆ. ಆವತ್ತು ನಾವು ಕೊಟ್ಟ ವರದಿ ತಪ್ಪು. ಸೊಪ್ಪಿನ ಮೇಲೆ ಧೂಳಿತ್ತು. ಪರೀಕ್ಷೆಗೆ ಮೊದಲು ನಾನೇ ಅದನ್ನು ತೊಳೆದುಬಿಟ್ಟೆ. ಹುಳುಮನೆಯಲ್ಲಿ ತಪ್ಪಿರಲಿಲ್ಲ.

ಅತ್ತೆ ಮುಂದೆ ಬಂದರು.

"ಏನಂದೆ? ಹುಳಕ್ಕಾಕ ಸೊಪ್ಪ ತೊಳುದ್ಯಾ? ಯಾವೂರವ್ವ ನಿಂದು?"

"ತಿಪ್ಪಸಂದ್ರದ ಕಡೆ."

"ಅಲ್ಲಿ ಹುಳ ಸಾಕಾಕಿಲ್ವಾ?"

"ಸಾಕ್ತಾರೆ."

"ತೊಳೀತಾರಾ?"

"ಇಲ್ಲ ಅಮ್ಮ."

ಆಗ ನಗು ಎದ್ದಿತು. ಹಾಲು ಅಳೆಯುತ್ತಿದ್ದವನು ಅಳತೆ ಬಿಟ್ಟು ನಕ್ಕ. ಆ ಮೈದುನ, "ಹಾಲ್ನೂ ತೊಳುದ್ಬುಟ್ಟು ಅಳೀತಾರೇನೋ ಇವರ ಕಾಲೇಜಲ್ಲಿ" ಅಂದ. ಆ ನಗುವಿನಲ್ಲಿ ಅವಳ ಅತ್ತೆಯೂ ಇದ್ದರು. ಅವಳೊಬ್ಬಳು ನಗಲಿಲ್ಲ.

"ಬರ್ದುಕೊಡಿ" ಅಂದಳು. "ಆ ಸಾ ಬಾಯಲ್ಲಿ ಹೇಳಿ ಹೋಗ್ಲಿಲ್ಲ. ಬರ್ದು, ಸೀಲ್ ಹೊಡ್ದು ಕೊಟ್ಟೋದ್ರು. ನಮ್ಮತ್ತೆಮ್ಮ ಅದ ರೇಷನ್ ಕಾರ್ಡ್ ಜತೆಗೆ ಇಟ್ಟವ್ರೆ."

ನನ್ನ ಹತ್ತಿರ ಸೀಲು ಇರಲಿಲ್ಲ. ಚೀಲದಲ್ಲಿ ದಿನಚರಿ ಇತ್ತು. ಅವತ್ತಿನ ಭಾನುವಾರದ ಹಾಳೆಯನ್ನೇ ಹರಿದು, ಡೈರಿಯ ಕಟ್ಟೆಯ ಮೇಲಿಟ್ಟು ಬರೆದೆ. ಹೆಸರು ಹಾಕಿ, ತಾರೀಕು ಹಾಕಿ, ರುಜು ಮಾಡಿದೆ. ಏನು ಬರೆದೆ ಅನ್ನುವುದರ ನಕಲು ನನ್ನಲ್ಲಿಲ್ಲ. ದಿನಚರಿಯಲ್ಲಿ ಆ ಜಾಗದಲ್ಲಿ ಹರಿದ ಅಂಚು ಮಾತ್ರ ಇದೆ. ಆ ಸಂಜೆಯ ಬಗ್ಗೆ ಮೇಲೆ ಬರೆದದ್ದೆಲ್ಲ ಬರೀ ನೆನಪಿನಿಂದ, ಒತ್ತಾಸೆಗೆ ಏನೂ ಇಲ್ಲ. "ಆ ಸೊಪ್ಪನ್ನು ತೊಳೆದವಳು ನಾನು" ಅಂತ ಶುರುಮಾಡಿದ್ದೆ ಅನಿಸುತ್ತದೆ.

ಅವಳು ಮತ್ತೆ ಹುಳು ಸಾಕಲಿಲ್ಲ. ಲಾರಿಗಳು ನಿಲ್ಲಲಿಲ್ಲ, ಧೂಳು ನಿಲ್ಲಲಿಲ್ಲ, ಮೂರನೇ ವರ್ಷಕ್ಕೆ ಆ ತೋಟ ಕಿತ್ತು ಮೇವಿನ ಜೋಳ ಹಾಕಿದರು ಅಂತ ಕೇಳಿದೆ. ಧೂಳಿನವರ ಪೇಪರ್ ಅಚ್ಚಾಯಿತು. ಚೆನ್ನಾಗಿದೆ. ಅದರಲ್ಲಿ ರೇಷ್ಮೆಯ ಮಾತಿಲ್ಲ.

ಆ ಸಂಜೆ ಅವಳು ನಾನು ಕೊಟ್ಟ ಹಾಳೆಯನ್ನು ಅಕ್ಷರಕ್ಕೆ ಅಕ್ಷರ ಓದಿದಳು. ಏಳನೇ ಕ್ಲಾಸು ಓದಿದ್ದಳು. ಓದಿ, ಮಡಿಸಿ, ಎಲ್ಲರ ಮುಂದೆ ಅತ್ತೆಯ ಕೈಗೆ ಕೊಟ್ಟಳು.

"ಇಟ್ಕಳಿ ಅತ್ತೆಮ್ಮ. ಆ ಕಾಗ್ದದ ಜತೇಲೇ ಇಡಿ."

ಕ್ಯಾನು ಎತ್ತಿಕೊಂಡು ಹಾಲು ಹಾಕಲು ಸಾಲಿನಲ್ಲಿ ನಿಂತಳು.